ಕರೆಂಟಿನ ಗಾಡಿಯೂ ಬೇಯದ ಬೇಳೆಯೂ

ನನಗೊಂದು ಕೆಟ್ಟ ಚಟವಿದೆ. ಯಾರೂ ಕೇಳದಿದ್ದರೂ ತೀರ್ಪು ಕೊಡುತ್ತೇನೆ. ಕೇಳಿಬಿಟ್ಟರಂತೂ ಮುಗಿಯಿತು. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಓದು ಕಡಿಮೆಯಾದಷ್ಟೂ ಮಾತು ಗಟ್ಟಿಯಾಗುತ್ತದೆ; ‘ನನ್ನದು ತಪ್ಪಿರಬಹುದು’ ಎಂಬ ಅನುಮಾನ ಹುಟ್ಟಬೇಕಾದರೂ ಒಂದಿಷ್ಟು ಓದಿರಬೇಕಲ್ಲ. ಈ ಸೀರೆ ಬಣ್ಣ ಬಿಡುತ್ತದೋ ಇಲ್ಲವೋ, ಎಮ್ಮೆ ಗಬ್ಬವೋ ಅಲ್ಲವೋ, ಹೊಸ ಮಾಸ್ತರು ಊರಲ್ಲಿ ನಿಲ್ಲುತ್ತಾರೋ ಓಡುತ್ತಾರೋ, ಎಲ್ಲದಕ್ಕೂ ನಮ್ಮ ಓಣಿಯವರು ನನ್ನ ಮುಖ ನೋಡುತ್ತಾರೆ. ಹತ್ತರಲ್ಲಿ ಆರು ಸಲ ನಾನು ಹೇಳಿದ್ದು ನಿಜವಾಗುತ್ತದೆ, ಉಳಿದ ನಾಲ್ಕನ್ನು ಜನ ಮರೆತುಬಿಡುತ್ತಾರೆ. ಒಂದನ್ನು ಮಾತ್ರ ನಾನೇ ಮರೆಯಲಾಗಿಲ್ಲ. ಡೀಸೆಲ್ ಗಾಡಿ ಮಾಡುವ ಕೆಲಸವನ್ನು ಕರೆಂಟಿನ ಗಾಡಿ ಮಾಡೀತೇ ಎಂಬ ವಿಷಯದಲ್ಲಿ ನಾನು ಕೊಟ್ಟ ತೀರ್ಪು ಅದು.

ಆ ಗಾಡಿ ಕಟ್ಟಿದವನು ನನ್ನ ಅಳಿಯ ಶರಣಪ್ಪ. ನನ್ನ ತಮ್ಮನ ಮಗನೇ. ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದವಳೂ ನಾನೇ, ಬೆನ್ನಿಗೆ ಒಂದೆರಡು ಬಾರಿಸಿದವಳೂ ನಾನೇ. ನನ್ನ ಮಗಳು ಗೌರಿಗೆ ತಾಳಿ ಕಟ್ಟಿದ ದಿನದಿಂದ ‘ಬಾರಲೇ’ ಹೋಗಿ ‘ಬರ್ರಿ’ ಆಯಿತು. ನಾಲಿಗೆ ಹೊರಳಲು ಒಂದು ವರ್ಷ ಹಿಡಿಯಿತು. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿ ಕೊಡುವುದು ಅವನ ಕಸುಬು. ಇದ್ದದ್ದು ನಮ್ಮ ಮನೆಯಲ್ಲೇ, ಅಂಗಡಿ ಹೂಡಿದ್ದು ನಮ್ಮ ಕಟ್ಟೆಯ ಮೇಲೆಯೇ. ಹೀಗಾಗಿ ಊರಿನಲ್ಲಿ ಅವನಿಗೊಂದು ಹೆಸರೇ ಇರಲಿಲ್ಲ. ‘ನಿಂಗಮ್ಮನ ಮನಿ ಅಳಿಯ’ ಎಂದೇ ಕರೆಯುತ್ತಿದ್ದರು, ಅದೂ ತುಟಿಯ ತುದಿಯಲ್ಲಿ ನಗು ಇಟ್ಟುಕೊಂಡು. ಅವನು ಕೇಳಿಸದವನಂತೆ ತಂತಿ ಸುತ್ತುತ್ತಿದ್ದ. ಆದರೆ ಅಂಥ ದಿನ ಸುತ್ತಿದ ತಂತಿ ಸ್ವಲ್ಪ ಹೆಚ್ಚೇ ಬಿಗಿಯಾಗಿರುತ್ತಿತ್ತು ಎಂದು ಗೌರಿ ಹೇಳುತ್ತಿದ್ದಳು.

ನಮ್ಮೂರು ಇರಕಲ್ಲಗಡದಿಂದ ಮೂರು ಮೈಲಿ. ಓಣಿಯ ಹತ್ತು ಮನೆಯ ಹೆಂಗಸರು ಬದನೆ ಬೆಳೆಯುತ್ತೇವೆ. ಬುಟ್ಟಿಗಳು ಬೆಳಗಿನ ಬಸ್ಸಿಗೆ ಇರಕಲ್ಲಗಡ ಮುಟ್ಟಬೇಕು, ಅಲ್ಲಿಂದ ಬಸ್ಸಿನ ನೆತ್ತಿಯ ಮೇಲೆ ಕೊಪ್ಪಳಕ್ಕೆ. ಇರಕಲ್ಲಗಡದ ತನಕ ಒಯ್ಯಲು ಇದ್ದದ್ದು ದೊಡ್ಡನಗೌಡನ ಟೆಂಪೊ ಒಂದೇ. ಅದು ಡೀಸೆಲ್ ಕುಡಿಯುತ್ತಿತ್ತು, ಎಣ್ಣೆ ಕಾರುತ್ತಿತ್ತು, ಚಳಿಗೆ ಮುನಿಸಿಕೊಂಡರೆ ನಾಲ್ಕು ಜನ ನೂಕಬೇಕಿತ್ತು. ನಮ್ಮ ಬದನೆಕಾಯಿಗೆ ಕೊಪ್ಪಳದಲ್ಲಿ ‘ಎಣ್ಣೆಗಾಯಿ’ ಎಂಬ ಹೆಸರು ಬಿದ್ದದ್ದು ಅಡಿಗೆಯಿಂದಲ್ಲ, ಆ ಟೆಂಪೊದ ವಾಸನೆಯಿಂದ. ಇದನ್ನು ನೋಡಿ ನೋಡಿ ಶರಣಪ್ಪ ಗಂಗಾವತಿಯಿಂದ ಎಂಜಿನ್ ಕೆಟ್ಟ ಒಂದು ಮೂರು ಗಾಲಿಯ ಗಾಡಿ ಎಳೆದು ತಂದ. ಎಂಜಿನ್ ಕಿತ್ತು ಹಾಕಿದ. ಗುಜರಿಯಲ್ಲಿ ಸಿಕ್ಕ ಮೋಟಾರನ್ನು ಬಿಚ್ಚಿ ಸುತ್ತಿ ಕೂರಿಸಿದ. ಲಾರಿಯ ನಾಲ್ಕು ಬ್ಯಾಟರಿ ಇಟ್ಟ. ಶ್ರಾವಣದ ಹೊತ್ತಿಗೆ ಗಾಡಿ ನಮ್ಮ ಅಂಗಳದಿಂದ ತಾನೇ ಹೊರಟಿತು.

ಹೆಂಗಸರೆಲ್ಲ ಕೂಡಿ ಒಂದು ಮಾತಿಗೆ ಬಂದರು. ದೀಪಾವಳಿಯ ತನಕ ಒಂದು ದಿನವೂ ಬಸ್ಸು ತಪ್ಪಿಸದೆ ಓಡಿಸಿದರೆ, ಮುಂದೆ ಎಲ್ಲ ಬುಟ್ಟಿಯೂ ಶರಣಪ್ಪನ ಗಾಡಿಗೆ. ತಪ್ಪಿಸಿದರೆ ಮತ್ತೆ ಟೆಂಪೊ. ತೀರ್ಪು ಹೇಳುವವಳು ಯಾರು? ನಿಂಗಮ್ಮ. ಅಳಿಯನ ಪರ ಹೇಳುತ್ತಾಳೆ ಎಂಬ ಅನುಮಾನ ಯಾರಿಗೂ ಬರಲಿಲ್ಲ, ನನ್ನ ಬಾಯಿಯ ಮೇಲೆ ಊರಿಗೆ ಅಷ್ಟು ನಂಬಿಕೆ.

ಮೊದಲ ದಿನವೇ ಒಂದು ಪಜೀತಿ ಆಯಿತು. ಟೆಂಪೊ ಹನುಮಪ್ಪನ ಗುಡಿಯ ಹತ್ತಿರ ಬಂದರೆ ಊರಿಗೆಲ್ಲ ಕೇಳುತ್ತದೆ. ಆ ಸಪ್ಪಳ ಕೇಳಿದ ಮೇಲೆಯೇ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಬೀಳುವುದು ನಮ್ಮ ರೂಢಿ. ಕರೆಂಟಿನ ಗಾಡಿಗೆ ಸಪ್ಪಳವೇ ಇಲ್ಲ. ಅದು ಬಂದು, ಗುಡಿಯ ಮುಂದೆ ನಿಂತು, ಯಾರೂ ಬಾರದ್ದನ್ನು ನೋಡಿ ಹೋಗಿಬಿಟ್ಟಿತು. ನಮ್ಮ ಅಂಗಳದಿಂದಲೇ ಹೊರಟರೂ ಒಳಗಿದ್ದ ನನಗೂ ಗೊತ್ತಾಗಲಿಲ್ಲ, ಎಲ್ಲರೂ ಮನೆಯಲ್ಲಿ ಕಿವಿಗೊಟ್ಟು ಕೂತೇ ಇದ್ದೆವು. ಮರುದಿನ ಶರಣಪ್ಪ ಎತ್ತಿನ ಕೊರಳ ಗೆಜ್ಜೆಸರ ತಂದು ಗಾಡಿಯ ಮುಂದೆ ಕಟ್ಟಿದ. ಇನ್ನು ಪಕ್ಕದ ಮನೆಯ ಫಕೀರವ್ವ ಕರೆಂಟು ಹೊಡೆದೀತೆಂದು ಕಾಲಿಗೊಂದು ಜೊತೆ ರಬ್ಬರ್ ಚಪ್ಪಲಿ, ಕೈಗೊಂದು ಜೊತೆ ಹಾಕಿಕೊಂಡು ಸರಳು ಹಿಡಿದು ಕೂತಳು. ಒಂದು ವಾರ ಹಾಗೆಯೇ ಹೋಗಿಬಂದಳು. ಮನೆಯಲ್ಲಿ ನನ್ನ ಕಷ್ಟ ಬೇರೆ. ಬ್ಯಾಟರಿಗೆ ಕರೆಂಟು ಹಚ್ಚಿದಾಗ ನಮ್ಮ ಬಲ್ಬು ಎಷ್ಟು ಬಾಡುತ್ತಿತ್ತೆಂದರೆ, ಅದು ಉರಿಯುತ್ತಿದೆಯೋ ಇಲ್ಲವೋ ನೋಡಲು ಚಿಮಣಿ ದೀಪ ಹಚ್ಚಬೇಕಿತ್ತು. ಕರೆಂಟೇ ಬಾರದ ದಿನಗಳಲ್ಲಿ ಅಳಿಯ ಕಂಬದ ಕಡೆ ನೋಡುತ್ತ ಕೂರುತ್ತಿದ್ದ, ಮೋಡ ನೋಡುವ ಒಕ್ಕಲಿಗನ ಹಾಗೆ. ಆದರೂ, ನಮ್ಮ ಕಿವಿಯದೇ ತಪ್ಪೆಂದು ಬಿಟ್ಟುಕೊಟ್ಟ ಆ ಮೊದಲ ದಿನದ ಹೊರತು, ಗಾಡಿ ಒಂದು ದಿನವೂ ಬಸ್ಸು ತಪ್ಪಿಸಲಿಲ್ಲ. ಬದನೆಕಾಯಿಗೆ ಬದನೆಕಾಯಿಯ ವಾಸನೆ ಬಂತು.

ಈಗ ನನ್ನ ಭಾಗಕ್ಕೆ ಬರುತ್ತೇನೆ. ನಮ್ಮ ಬಾವಿಯ ನೀರು ಸವಳು. ಕಾಯಿಸಿದ ಪಾತ್ರೆಯ ಒಳಗೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಮುಂಜಾನೆ ಒಲೆಯ ಮೇಲಿಟ್ಟರೆ ಮಧ್ಯಾಹ್ನಕ್ಕೂ ಕಾಳು ಕಾಳಾಗಿ ನನ್ನನ್ನೇ ನೋಡುತ್ತಿರುತ್ತದೆ. ಸಿಹಿನೀರು ಬೇಕೆಂದರೆ ಹಳ್ಳದಾಚೆ ಹೋಗಬೇಕು, ನನ್ನ ಮೊಣಕಾಲು ಒಪ್ಪುವುದಿಲ್ಲ. ಹೀಗಿರುವಾಗ ಶರಣಪ್ಪ ಬ್ಯಾಟರಿಯ ಸಾಮಾನು ತಂದಿಟ್ಟ. ಆಸಿಡ್ಡಿನ ಒಂದು ಗಾಜಿನ ಬಾಟಲಿ, ಒಂದು ಬಿಳಿ ಕ್ಯಾನು. ಬಾಟಲಿಯನ್ನು ಮುಟ್ಟಲೇಬಾರದೆಂದು ನಾಲ್ಕು ಸಲ ಹೇಳಿ, ಮೇಲಿನ ಗೂಡಿನಲ್ಲಿಟ್ಟು ಕೀಲಿ ಹಾಕಿದ. ಮತ್ತೆ ಈ ಕ್ಯಾನಿನಲ್ಲಿ ಏನೆಂದು ಕೇಳಿದೆ.

“ಅದರಾಗ ಏನೂ ಇಲ್ಲರಿ ಅತ್ತಿ. ಬರೇ ನೀರು. ಉಪ್ಪಿಲ್ಲ, ಸುಣ್ಣಿಲ್ಲ.”

ಉಪ್ಪಿಲ್ಲ, ಸುಣ್ಣವಿಲ್ಲ! ಬೇಳೆ ಬೇಯಿಸುವ ಹೆಂಗಸಿನ ಮುಂದೆ ಆಡುವ ಮಾತೇ ಅದು? ಮರುದಿನ ಒಂದು ಚಂಬು ತೆಗೆದೆ. ಬೇಳೆ ಬೆಣ್ಣೆಯಾಯಿತು. ಕಳ್ಳತನದ ಬುದ್ಧಿ ನನ್ನದಲ್ಲ, ಆದ್ದರಿಂದ ಎಷ್ಟು ತೆಗೆದೆನೋ ಅಷ್ಟು ಬಾವಿಯ ನೀರನ್ನು ಸೋಸಿ ಕ್ಯಾನಿಗೆ ಹಾಕಿದೆ. ಬರೇ ನೀರು ತೆಗೆದು ಬರೇ ನೀರು ಹಾಕಿದರೆ ಯಾರಿಗೇನು ನಷ್ಟ? ಅವನು ಹೊಸ ಕ್ಯಾನು ತಂದಾಗಲೆಲ್ಲ ನಮ್ಮ ಮನೆಯಲ್ಲಿ ಸಾರಿನ ಸುಗ್ಗಿ. ಅಳಿಯ ಎರಡೆರಡು ಸಲ ಹಾಕಿಸಿಕೊಂಡು, “ಸಾರು ಭಾಳ ಛಲೋ ಆಗೇತ್ರಿ ಅತ್ತಿ” ಎನ್ನುತ್ತಿದ್ದ. ಕೈಗುಣ ಎಂದು ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಮಹಾನವಮಿ ಕಳೆದ ಮೇಲೆ ಗಾಡಿ ಏದುಸಿರು ಬಿಡತೊಡಗಿತು. ಏರು ಬಂದರೆ ನಾವು ಇಳಿಯಬೇಕು, ಆಮೇಲೆ ಬುಟ್ಟಿ ಇಳಿಸಬೇಕು. ಶರಣಪ್ಪ ಊಟ ಬಿಟ್ಟು ತಂತಿ ಬಿಚ್ಚುವುದು, ಕಟ್ಟುವುದು. ನಡುನಡುವೆ ಆ ಕ್ಯಾನಿನ ನೀರನ್ನು ಬ್ಯಾಟರಿಗೆ ಹಾಕುವುದು. ದೀಪಾವಳಿಗೆ ಎಂಟು ದಿನ ಇರುವಾಗ ಹಳ್ಳದ ಏರಿನಲ್ಲಿ ಗಾಡಿ ನಿಂತೇಬಿಟ್ಟಿತು. ಹತ್ತು ಜನ ನೂಕಿದೆವು, ಗೆಜ್ಜೆ ಘಲ್ ಘಲ್ ಎಂದಿತು, ಗಾಲಿ ಕದಲಲಿಲ್ಲ. ಅತ್ತ ಬಸ್ಸು ಹೋದ ಧೂಳು ಕಾಣಿಸಿತು. ಎಲ್ಲರೂ ನನ್ನ ಮುಖ ನೋಡಿದರು. ಶರಣಪ್ಪನೂ ನೋಡಿದ. ಆ ಹೊತ್ತಿಗಾದರೂ ಸುಮ್ಮನಿರಬಹುದಿತ್ತು.

“ಇದು ಗಾಡಿ ಅಲ್ಲವ್ವಾ, ತೊಟ್ಟಿಲ. ಇಳಿಜಾರಿನ್ಯಾಗ ತೂಗತೈತಿ, ಏರು ಬಂದರ ಹಡದಾಕಿ ಬಂದು ನೂಕಬೇಕು. ನಾಳಿಂದ ಟೆಂಪೊ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಸಂಜೆಯ ಹೊತ್ತಿಗೆ ಆ ಮಾತು ನನಗಿಂತ ಮುಂಚೆ ಊರು ಸುತ್ತಿಬಂದಿತ್ತು. ನಿಂಗಮ್ಮನ ಮನೆಯ ಅಳಿಯನಿಗೆ ‘ತೊಟ್ಟಿಲ ಅಳಿಯ’ ಎಂಬ ಬಡ್ತಿ ಸಿಕ್ಕಿತ್ತು.

ಮರುದಿನ ಮುಂಜಾನೆ ಅವನು ಬ್ಯಾಟರಿಯ ಮುಚ್ಚಳ ಬಿಚ್ಚಿ ಒಳಗೆ ಇಣುಕಿ ನೋಡುತ್ತಿದ್ದ. ಏನೋ ಅನುಮಾನ ಬಂದು ಕ್ಯಾನು ತಂದ. ಒಂದು ತೊಟ್ಟು ಬೆರಳಿಗೆ ಹಚ್ಚಿಕೊಂಡು ನಾಲಿಗೆಗಿಟ್ಟ. ಅವನ ಮುಖ ನೋಡಿಯೇ ನನಗೆ ನಮ್ಮ ಬಾವಿಯ ರುಚಿ ಗೊತ್ತಾಯಿತು. ಇದನ್ನು ಯಾರು ಮುಟ್ಟಿದ್ದೀರಿ ಎಂದು ಗೌರಿಯನ್ನು ಕೇಳಿದ. ಗೌರಿ ನನ್ನ ಕಡೆ ನೋಡಿದಳು. ನಾನು ಬದನೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತದೆ, ನಾನೇ ಮುಟ್ಟಿದ್ದು, ತೆಗೆದಷ್ಟೂ ಹಾಕಿದ್ದೇನೆ, ಅಳತೆಯಲ್ಲಿ ಒಂದು ಚಂಬೂ ಕಡಿಮೆಯಿಲ್ಲ ಎಂದೆ. ಸವಳು ನೀರು ಬ್ಯಾಟರಿಗೆ ವಿಷವಿದ್ದಂತೆ ಎಂದು ಅವನು ನಿಧಾನವಾಗಿ ತಿಳಿಸಿ ಹೇಳಿದ. ಆಮೇಲೆ ಕ್ಯಾನಿನ ಮುಚ್ಚಳ ತಿರುವುತ್ತ ಅಂದ:

“ಹಂಗಾರ ಗಾಡಿ ಕುಡಿಯೋ ನೀರು ನಾ ಕುಡದೇನಿ, ನಾ ಕುಡಿಯೋ ನೀರು ಗಾಡಿ ಕುಡದೈತಿ.”

ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಅವನು ಬೈಯಲಿಲ್ಲ. ಒಳಗೆ ಹೋಗಿ, ಇದನ್ನು ಯಾರ ಮುಂದೆಯೂ ಹೇಳಬೇಡ, ಅತ್ತೆಯ ಮಾತಿಗೆ ಊರಿನಲ್ಲಿ ಬೆಲೆ ಇದೆ ಎಂದು ಗೌರಿಗೆ ಹೇಳಿದ್ದು ನನಗೆ ಕೇಳಿಸಿತು. ನನ್ನ ಕೈಯಲ್ಲಿ ಮೂಗು ಒರೆಸಿಕೊಂಡವನು ನನ್ನ ಮಾನ ಕಾಯುವುದೇ? ಅದು ಮಾತ್ರ ನನಗೆ ಸೈರಣೆಯಾಗಲಿಲ್ಲ. ಸೆರಗು ಸಿಕ್ಕಿಸಿ ನೇರ ಗುಡಿಯ ಕಟ್ಟೆಗೆ ಹೋದೆ. ಹೆಂಗಸರು ಬುಟ್ಟಿ ಇಟ್ಟುಕೊಂಡು ನಿಂತಿದ್ದರು, ದೊಡ್ಡನಗೌಡ ಟೆಂಪೊ ಒರೆಸುತ್ತಿದ್ದ.

“ನಿನ್ನಿ ಹೇಳಿದ್ದು ಸುಳ್ಳು,” ಎಂದೆ. “ಗಾಡೀದು ತಪ್ಪಿಲ್ಲ. ಅದರ ನೀರಿನ್ಯಾಗ ನಾ ಬ್ಯಾಳಿ ಬೇಯಿಸೇನಿ.”

ಫಕೀರವ್ವ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು: “ಬೆಂತೇನವಾ?”

“ಬೆಣ್ಣಿಯಂಗ.”

ಆ ದಿನ ಟೆಂಪೊ ಹೊರಡುವುದು ತಡವಾಯಿತು. ಕರೆಂಟಿನ ಗಾಡಿಯ ಭವಿಷ್ಯ ಬಿಟ್ಟು ಎಲ್ಲರೂ ಆ ನೀರು ಎಲ್ಲಿ ಸಿಗುತ್ತದೆಂದು ಕೇಳತೊಡಗಿದ್ದರು.

ಗಡುವನ್ನು ಸಂಕ್ರಾಂತಿಗೆ ಮುಂದೂಡಿದರು. ನಾಲ್ಕರಲ್ಲಿ ಎರಡು ಬ್ಯಾಟರಿ ಹೋಗಿದ್ದವು, ಶರಣಪ್ಪ ಬೇರೆ ಎರಡು ಹೊಂದಿಸಿದ. ಗಾಡಿ ಓಡಿತು, ಈಗಲೂ ಓಡುತ್ತದೆ. ಇದ್ದದ್ದು ಇದ್ದಂತೆ ಹೇಳುತ್ತೇನೆ. ಇರಕಲ್ಲಗಡದ ತನಕ ಬದನೆಕಾಯಿಗೆ ಅದರಂಥದ್ದು ಇನ್ನೊಂದಿಲ್ಲ. ದೂರದ ಕುಷ್ಟಗಿಗೆ ಹೆಣ್ಣು ನೋಡಲು ಹೋಗುವುದಿದ್ದರೆ ದೊಡ್ಡನಗೌಡನಿಗೇ ಹೇಳಬೇಕು. ಕರೆಂಟು ಬಾರದ ವಾರವೂ ಅಷ್ಟೇ. ಮೊದಲು ‘ನಿಂಗಮ್ಮನ ಮನಿ ಅಳಿಯ’ ಎನ್ನುತ್ತಿದ್ದ ಜನ ಈಗ ಗೆಜ್ಜೆ ಕೇಳಿದರೆ ‘ಶರಣಪ್ಪನ ಗಾಡಿ ಬಂತು’ ಎನ್ನುತ್ತಾರೆ. ನನ್ನನ್ನು ತೋರಿಸಿ ಹೊಸಬರಿಗೆ, ‘ಈಕಿ ಶರಣಪ್ಪನ ಅತ್ತಿ, ಬ್ಯಾಳಿ ಬೇಯಿಸಿದಾಕಿ’ ಎನ್ನುತ್ತಾರೆ. ಅರವತ್ತು ವರ್ಷ ಗಳಿಸಿದ ಹೆಸರು ಒಂದು ಗಡಿಗೆ ಸಾರಿನಲ್ಲಿ ಹೋಯಿತು.

ಅಳಿಯ ಆ ಬಿಳಿ ಕ್ಯಾನಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ತಲೆಬುರುಡೆ, ಎರಡು ಎಲುಬು ಬರೆದಿದ್ದಾನೆ. ಆಸಿಡ್ಡಿನ ಬಾಟಲಿಯ ಮೇಲೆ ಏನೂ ಬರೆದಿಲ್ಲ, ಅದಕ್ಕೆ ನನ್ನ ಭಯವಿಲ್ಲವಲ್ಲ. ಮೊನ್ನೆ ಅಮಾವಾಸ್ಯೆಯ ದಿನ ನೋಡುತ್ತೇನೆ, ಒಲೆಯ ಪಕ್ಕದಲ್ಲಿ ಯಾರೋ ಒಂದು ಚಂಬು ನೀರು ಇಟ್ಟಿದ್ದಾರೆ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪಿಲ್ಲ, ಸುಣ್ಣವಿಲ್ಲ. ಬೇಳೆ ಹಾಕಿದೆ. ಸಾರೇನೋ ಬಹಳ ಚೆನ್ನಾಯಿತಂತೆ, ಗೌರಿ ಹೇಳಿದಳು. ನನಗೆ ರುಚಿ ತಿಳಿಯಲಿಲ್ಲ. ಗಾಡಿಯ ಪಾಲಿನ ನೀರನ್ನು ಮತ್ತೆ ನಾನೇ ಉಂಡೆನೋ ಏನೋ ಎಂದು ತುತ್ತು ಕೈಯಲ್ಲಿ ಹಿಡಿದು, ಮರಳಿ ಬರುವ ಗಾಡಿ ಹಳ್ಳದ ಏರು ಹತ್ತಿದ ಗೆಜ್ಜೆ ಸಪ್ಪಳ ಕೇಳುತ್ತದೆಯೇ ಎಂದು ಕಿವಿಗೊಟ್ಟು ಕೂತಿದ್ದೆ.