ವೃಷಭೇಂದ್ರಪ್ಪ ಮೇಷ್ಟ್ರ ಶಿಲಾಯುಗ

ಮದುವೆಮನೆಯಲ್ಲಿ ತರಕಾರಿ ಹೆಚ್ಚಲು ಕೂರುವುದಕ್ಕಿಂತ ಕಾಡಿನಲ್ಲಿ ಹುಲಿಯ ಎದುರು ಕೂರುವುದು ವಾಸಿ ಎಂಬುದು ಬಾಳೆಹೊನ್ನೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ವೃಷಭೇಂದ್ರಪ್ಪ ಮೇಷ್ಟ್ರ ದೃಢವಾದ ನಂಬಿಕೆ. ಹುಲಿಯಾದರೆ ಒಂದೇ ಸಲಕ್ಕೆ ಮುಗಿಸಿಬಿಡುತ್ತದೆ. ಕುಂಬಳಕಾಯಿ ಹಾಗಲ್ಲ. ಒಂದು ಮುಗಿಯಿತು ಎಂದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಂದು ಉರುಳಿಕೊಂಡು ಬಂದು ಮಂಡಿಗೆ ತಾಗುತ್ತದೆ.

ಮೇಷ್ಟ್ರ ಹೆಂಡತಿ ದಾಕ್ಷಾಯಣಮ್ಮನ ತವರು ಮುತ್ತಿನಕೊಪ್ಪ. ಆ ಕಡೆಯ ನೆಂಟರಲ್ಲಿ ಒಂದು ಪದ್ಧತಿ ಇತ್ತು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಗಂಡಸರೆಲ್ಲ ತಂತಮ್ಮ ಮೆಟ್ಟುಕತ್ತಿಯನ್ನು ಬಗಲಲ್ಲಿಟ್ಟುಕೊಂಡು ಬರಬೇಕು. ಚಪ್ಪರದಡಿ ಸಾಲಾಗಿ ಕೂತು, ಕತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು, ಮರುದಿನದ ಊಟಕ್ಕೆ ಬೇಕಾದದ್ದನ್ನೆಲ್ಲ ಹೆಚ್ಚಿ ಮುಗಿಸಬೇಕು. ಅಳಿಯಂದಿರಿಗೂ ವಿನಾಯಿತಿ ಇಲ್ಲ. ಮೇಷ್ಟ್ರು ಇಷ್ಟು ವರ್ಷ ಬೆನ್ನುನೋವು, ಉತ್ತರಪತ್ರಿಕೆ, ಚುನಾವಣೆ ಡ್ಯೂಟಿ ಎಂದೆಲ್ಲ ಹೇಳಿ ಜಾರಿಕೊಂಡಿದ್ದರು. ಒಂದು ಮದುವೆಗೆ ಜನಗಣತಿಯನ್ನೂ ಬಳಸಿದ್ದರು. (ಅದು ಹತ್ತು ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ ಎಂಬುದು ಸರ್ಕಾರದ ಮೇಲೆ ಅವರಿಗಿದ್ದ ದೊಡ್ಡ ಅಸಮಾಧಾನ.)

ಆ ವರ್ಷ ದಾಕ್ಷಾಯಣಮ್ಮನ ತಮ್ಮ ಕಲ್ಲೇಶಪ್ಪ ತನ್ನ ಮಗಳ ಮದುವೆಗೆ ಕರೆಯಲು ಖುದ್ದಾಗಿ ಬಂದ. ಕಾಫಿ ಕುಡಿದು ಲೋಟ ಕೆಳಗಿಟ್ಟವನೇ ವಿಷಯಕ್ಕೆ ಬಂದ.

"ಭಾವ, ಈ ಸಲ ನಿಮ್ಮ ಬೆನ್ನು, ಪೇಪರು ಎಂತದೂ ನಡೆಯೂದಿಲ್ಲ ಮಾರಾಯ್ರೇ. ಮನೆ ಅಳಿಯನೇ ಕತ್ತಿ ಮುಂದೆ ಕೂರದಿದ್ರೆ ಉಳಿದವರಿಗೆ ನಾನು ಯಾವ ಬಾಯಲ್ಲಿ ಹೇಳಲಿ?"

ಮೇಷ್ಟ್ರಿಗೆ ಆಗ ಹೊಳೆದದ್ದು ಶಿಲಾಯುಗ. ದಸರಾ ರಜೆಯಲ್ಲಿ ಮೈಸೂರಿನ ತರಬೇತಿ ಶಿಬಿರಕ್ಕೆ ಹೋಗಿದ್ದಾಗ ಪ್ರಾಚ್ಯವಸ್ತು ಪಂಡಿತರೊಬ್ಬರು ಕಲ್ಲಿಗೆ ಕಲ್ಲು ಬಡಿದು, ಮಾತಾಡುತ್ತ ಮಾತಾಡುತ್ತಲೇ ಕೂದಲು ಕತ್ತರಿಸುವಂಥ ಚಕ್ಕೆಯೊಂದನ್ನು ಎಬ್ಬಿಸಿ ತೋರಿಸಿದ್ದರು. ಅದನ್ನು ನೆನೆದು ಮೇಷ್ಟ್ರು ಈಗ ಎದ್ದು ನಿಂತು, ಮನುಕುಲದ ಪ್ರಪ್ರಥಮ ಚೂರಿಯ ಬಗ್ಗೆ ಸಂಶೋಧನೆಗೆ ಇಳಿದಿರುವ ತಾನು ಇನ್ನು ಕಬ್ಬಿಣದ ಕತ್ತಿಯನ್ನು ಮುಟ್ಟುವುದು ಸಾಧ್ಯವೇ ಇಲ್ಲವೆಂದು ಸಾರಿದರು. ಕಲ್ಲೇಶಪ್ಪ ಅಕ್ಕನ ಮುಖ ನೋಡಿದ. ದಾಕ್ಷಾಯಣಮ್ಮ ಸೆರಗಿಗೆ ಕೈ ಒರೆಸಿಕೊಂಡು ತೀರ್ಪು ಕೊಟ್ಟರು.

"ಆಯ್ತು. ಮದುವೆ ಹಿಂದಿನ ದಿನ ಚಪ್ಪರದಲ್ಲಿ ನೀವೇ ಮಾಡಿದ ಕಲ್ಲಲ್ಲಿ ಒಂದು ಕುಂಬಳಕಾಯಿ ಕೊಯ್ದು ತೋರಿಸಿ. ತೋರಿಸಿದ್ರೆ ಇನ್ನು ಯಾವ ಮದುವೆಗೂ ನೀವು ಕತ್ತಿ ಮುಂದೆ ಕೂರೋದು ಬೇಡ. ಆಗದಿದ್ರೆ ಜೀವ ಇರೋವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು."

ಮೇಷ್ಟ್ರು ಒಪ್ಪಿದರು. ಮೈಸೂರಿನ ಪಂಡಿತರು ಅದನ್ನು ಕಲಿಯಲು ಎಷ್ಟು ವರ್ಷ ತಗೊಂಡರು ಎಂದು ಅವರು ಕೇಳಿರಲಿಲ್ಲ.

ಮರುದಿನವೇ ಹಿತ್ತಲು ಶಿಲಾಯುಗಕ್ಕೆ ಹಿಂದಿರುಗಿತು. ಭದ್ರಾ ಹೊಳೆಯಿಂದ ಅಂಗೈ ತುಂಬುವಂಥ ನುಣುಪು ಗುಂಡುಕಲ್ಲೊಂದು ಸುತ್ತಿಗೆಯಾಗಿ ಬಂತು. ತೊಡೆಯ ಮೇಲೆ ಮಡಿಸಿದ ಗೋಣಿತಾಟು, ಕಣ್ಣಿಗೆ ಡ್ರಾಯಿಂಗ್ ಮೇಷ್ಟ್ರ ಕೂಲಿಂಗ್ ಗ್ಲಾಸು. ಒಡೆಯುವುದಕ್ಕೆ ಗುಡ್ಡದಿಂದ ಆರಿಸಿ ತಂದ ಬೆಣಚುಕಲ್ಲು. ಮೇಷ್ಟ್ರು ಅದರ ನಟ್ಟನಡುವೆ ಹೊಡೆದರು. ಕಲ್ಲು ಏನೂ ಆಗಿಲ್ಲವೆಂಬಂತೆ ಕೂತಿತ್ತು. ಇನ್ನೊಂದು ಹೊಡೆತಕ್ಕೆ ಹೆಬ್ಬೆರಳು ಅಡ್ಡ ಬಂತು. ಆಗ ಅವರು ಕೂಗಿದ ಕೂಗಿಗೆ ಹೊಳೆಯಾಚೆಯ ಬಸ್ಸು ಸ್ಟಾಪಿಲ್ಲದ ಕಡೆ ನಿಂತಿತೆಂದು ಹೇಳುತ್ತಾರೆ. ಮೂರನೆಯದಕ್ಕೆ ಬೆಣಚುಕಲ್ಲು ಒಡೆಯಿತೇನೋ ನಿಜ, ಆದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಯಿತು. ಒಂದು ಚೂರು ಮಾತ್ರ ಗುರಿ ತಪ್ಪದೆ ಅಡಿಗೆಮನೆಯ ಕಿಟಕಿಯಿಂದ ಒಳಗೆ ಹೋಗಿ ಸಾರಿನ ಪಾತ್ರೆಗೆ ಬಿತ್ತು.

ಮೆತ್ತಗಿನ ಹೊಡೆತಕ್ಕೆ ಜಿಂಕೆಯ ಕೊಂಬೇ ಒಳ್ಳೆಯದು ಎಂದು ಪಂಡಿತರು ಹೇಳಿದ್ದರು. ಈ ಮಾತು ಮನೆಯಲ್ಲಿ ಎತ್ತಬಾರದಿತ್ತು.

"ಲಿಂಗಪೂಜೆ ಮಾಡೋ ಮನೆಗೆ ಸತ್ತ ಪ್ರಾಣಿ ಕೊಂಬು ತರ್ತೀರಾ? ಅದೂ ಕಲ್ಲಿನ ಚೂರಿ ಮಾಡೋಕೆ," ಎಂದರು ದಾಕ್ಷಾಯಣಮ್ಮ. "ಎಂತಕ್ಕೆ, ಬದನೆಕಾಯಿ ಬೇಟೆಗಾ?"

ಕೊಂಬಿನ ಬದಲು ಗಟ್ಟಿ ಮರದ ಕೊರಡು ಬಂತು. ಬೆಣಚುಕಲ್ಲಿನ ಬದಲು ಗಾಜು ಬಂತು. ಹೊಸಬರು ಬಾಟಲಿಯ ತಳದಲ್ಲಿ ಕೈ ಪಳಗಿಸಿಕೊಳ್ಳಬೇಕೆಂಬ ಪಂಡಿತರ ಇನ್ನೊಂದು ಮಾತು ತಡವಾಗಿ ನೆನಪಾಗಿತ್ತು. ಮೇಷ್ಟ್ರು ಬಸ್‌ಸ್ಟ್ಯಾಂಡ್ ಹತ್ತಿರದ ಅಬ್ದುಲ್ ವಹಾಬ್ ಸಾಹೇಬರ ಗುಜರಿ ಅಂಗಡಿಗೆ ಹೋದರು. ದಪ್ಪ ತಳ ಇರುವುದು ಬ್ರಾಂದಿ ಬಾಟಲಿಗೆ. ದಿನಾ ಸಂಜೆ ಕೈಚೀಲದಲ್ಲಿ ಕಣಕಣ ಸದ್ದು ಮಾಡಿಸಿಕೊಂಡು, ಬೆರಳುಗಳಿಗೆಲ್ಲ ಪಟ್ಟಿ ಸುತ್ತಿಕೊಂಡು, ಕರೀ ಕನ್ನಡಕ ಹಾಕಿಕೊಂಡು ಮಠದ ಬೀದಿಯಲ್ಲಿ ಮೇಷ್ಟ್ರು ಮನೆಗೆ ಬರುತ್ತಿದ್ದರೆ ಊರು ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡಿತು. ಹೆಡ್‌ಮಾಸ್ಟರು ಕರೆದು ಮನೆಯಲ್ಲಿ ಏನಾದರೂ ಕಷ್ಟವೇ ಎಂದು ಮೃದುವಾಗಿ ವಿಚಾರಿಸಿದರು. ವಹಾಬ್ ಸಾಹೇಬರೊಬ್ಬರೇ ಮೇಷ್ಟ್ರ ಪರ ನಿಂತು, ಅವರು ಕುಡಿಯುವುದಿಲ್ಲ, ಖಾಲಿ ಬಾಟಲಿ ಒಯ್ದು ಹಿತ್ತಲಲ್ಲಿ ಒಡೆಯುತ್ತಾರೆ ಅಷ್ಟೆ ಎಂದು ಬಂದವರಿಗೆಲ್ಲ ಹೇಳಿದರು. ಅಲ್ಲಿಂದ ಜನ ಇನ್ನೂ ದೂರ ಸರಿದು ನಡೆಯತೊಡಗಿದರು.

ಆದರೂ ಬಿಡಲಿಲ್ಲ ಮಾರಾಯರು. ಲೈನ್‌ಮ್ಯಾನ್ ಕೊಟ್ಟ ದಪ್ಪ ತಾಮ್ರದ ತಂತಿಯನ್ನು ಮರದ ಹಿಡಿಗೆ ಸಿಕ್ಕಿಸಿ, ಬಾಟಲಿತಳದ ಅಂಚಿಗೆ ಒತ್ತಿ ಒತ್ತಿ ಮೀನಿನ ಹುರುಪೆಯಂಥ ಚಕ್ಕೆ ಎಬ್ಬಿಸುವುದನ್ನು ಕಲಿತರು. ಹೊಡೆತ ನಡುವೆ ಅಲ್ಲ, ಅಂಚಿನ ಹತ್ತಿರ ಬೀಳಬೇಕು. ನೇರವಾಗಿ ಅಲ್ಲ, ಓರೆಯಾಗಿ. ಹೊಡೆಯುವ ಮೊದಲು ಅಂಚನ್ನು ಒರಟು ಕಲ್ಲಿಗೆ ತಿಕ್ಕಿ ಗಟ್ಟಿ ಮಾಡಿಕೊಳ್ಳಬೇಕು. ಇವೆಲ್ಲ ತಿಳಿಯುವ ಹೊತ್ತಿಗೆ ಬಾಳೆಹೊನ್ನೂರಿನಲ್ಲಿ ಖಾಲಿ ಬಾಟಲಿಯ ಅಭಾವ ತಲೆದೋರಿ, ಸೀಮೆಎಣ್ಣೆಗೆ ಜನ ಚೊಂಬು ಹಿಡಿದು ನಿಲ್ಲುವಂತಾಗಿತ್ತು. ಕೊನೆಗೆ ಶೋರಾಪುರದ ಕಡೆಯಿಂದ ವರ್ಗವಾಗಿ ಬಂದ ಶಾಲೆಯ ಗುಮಾಸ್ತರು ತಮ್ಮೂರಿನ ಹೊಲದಿಂದ ಚಕಮಕಿ ಕಲ್ಲಿನ ಒಂದು ಉಂಡೆ ತಂದುಕೊಟ್ಟರು. ಮದುವೆಗೆ ವಾರ ಉಳಿದಿರುವಾಗ ಆ ಉಂಡೆಯ ಅಂಚಿಗೆ ಗುಂಡುಕಲ್ಲು ತಾಗಿ 'ಟಣ್' ಎಂದಿತು. ಗೋಣಿತಾಟಿನ ಮೇಲೆ ಗೇಣುದ್ದದ, ವೀಳ್ಯದೆಲೆಯಷ್ಟು ತೆಳ್ಳಗಿನ ಚಕ್ಕೆಯೊಂದು ಮಲಗಿತ್ತು. ಮೇಷ್ಟ್ರು ಮುಟ್ಟಿ ನೋಡಿದರು. ಬೆರಳು ಕುಯ್ದುಕೊಂಡಿತು. ಅವರು ಆನಂದದಿಂದ ಕಣ್ಣೀರು ಹಾಕಿದರು.

ಮುತ್ತಿನಕೊಪ್ಪದ ಚಪ್ಪರದಲ್ಲಿ ನೆಂಟರು ಮೆಟ್ಟುಕತ್ತಿಗಳ ಹಿಂದೆ ಸಾಲಾಗಿ ಕೂತಿದ್ದರು. ಕಲ್ಲೇಶಪ್ಪ ಇದ್ದುದರಲ್ಲೇ ದೊಡ್ಡ ಕುಂಬಳಕಾಯಿಯನ್ನು ಉರುಳಿಸಿಕೊಂಡು ಬಂದು ಭಾವನ ಮುಂದೆ ನಿಲ್ಲಿಸಿದ. ಅದರ ಗಾತ್ರಕ್ಕೆ ಮೇಷ್ಟ್ರು ಅದರಾಚೆ ಕೂತವರಿಗೆ ಕಾಣಿಸದೆ ಹೋದರು. ಬಟ್ಟೆ ಸುತ್ತಿದ ಚಕ್ಕೆಯನ್ನು ಸಿಪ್ಪೆಯ ಮೇಲಿಟ್ಟು ಗರಗಸದಂತೆ ಎಳೆದರು. ಕಲ್ಲು ಸರಸರನೆ ಇಳಿಯಿತು. ಕುಂಬಳಕಾಯಿ ಎರಡು ಹೋಳಾಗಿ ಅತ್ತಿತ್ತ ಮಲಗಿದಾಗ ಮೇಷ್ಟ್ರು ಮತ್ತೆ ಎಲ್ಲರಿಗೂ ಕಾಣಿಸಿದರು. ಕಲ್ಲೇಶಪ್ಪ ಸೋಲೊಪ್ಪಿಕೊಂಡು, ಇವತ್ತಿನಿಂದ ಭಾವನಿಗೆ ಕತ್ತಿಯ ಕೆಲಸದಿಂದ ಆಜೀವ ವಿನಾಯಿತಿ ಎಂದು ಗಟ್ಟಿಯಾಗಿ ಹೇಳಿದ.

ಅಲ್ಲಿಗೆ ಎದ್ದು ಹೋಗಬಹುದಿತ್ತು. ಆದರೆ ಹಿರಿಯರಾದ ಶಾಂತವೀರಪ್ಪನವರು ಎಲೆಗೆ ಸುಣ್ಣ ಸವರುತ್ತ ಒಂದು ಅನುಮಾನ ಎತ್ತಿದರು.

"ಕುಂಬಳಕಾಯಿ ಒಳಗೆಲ್ಲ ಟೊಳ್ಳು ಮಾರಾಯ. ಸುವರ್ಣಗೆಡ್ಡೆಗೆ ಈ ಕಲ್ಲು ನಡೆಯೂದಿಲ್ಲ, ಅಲ್ವ?"

ಮೇಷ್ಟ್ರ ಹುಟ್ಟುಗುಣ ಒಂದಿತ್ತು: ಯಾರಾದರೂ ಅನುಮಾನ ಕೇಳಿದರೆ ಅದನ್ನು ಪರಿಹರಿಸದೆ ಅವರಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಸುವರ್ಣಗೆಡ್ಡೆ ಕೊಯ್ದರು. ಎಳೆ ಹುರುಳಿಕಾಯಿ ಕಲ್ಲಿಗೆ ನಜ್ಜುಗುಜ್ಜಾಗಬಹುದು ಎಂದು ಇನ್ನೊಬ್ಬರಿಗೆ ಅನಿಸಿತು. ಒಂದು ಮೊರ ಹುರುಳಿಕಾಯಿ ಹೆಚ್ಚಿ ಆಗುವುದಿಲ್ಲವೆಂದು ಸಾಬೀತುಪಡಿಸಿದರು. ಬಾಳೆಕಾಯಿ ಕಬ್ಬಿಣಕ್ಕೆ ಕಪ್ಪಾಗುತ್ತದೆ, ಕಲ್ಲಿಗೆ ಕಪ್ಪಾಗದು ಎಂಬ ಸಿದ್ಧಾಂತವನ್ನು ಯಾರೂ ಕೇಳದೆ ತಾವೇ ಮಂಡಿಸಿ, ಗೊನೆಯೊಂದನ್ನು ಉದಾಹರಣೆಗೆ ತೆಗೆದುಕೊಂಡರು. ಹಿಂದಿನ ಸಾಲಿನವರಿಗೆ ಸರಿಯಾಗಿ ಕಾಣಿಸಲಿಲ್ಲವೆಂಬ ದೂರು ಬಂದದ್ದರಿಂದ ಎಲ್ಲವನ್ನೂ ಮೊದಲಿನಿಂದ ತೋರಿಸಬೇಕಾಯಿತು. ಚಕ್ಕೆ ಮೊಂಡಾದಾಗ ಅಲ್ಲೇ ಉಂಡೆಯಿಂದ ಹೊಸದನ್ನು ಎಬ್ಬಿಸಿದರು. ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಬಿಸಿಲು ಇಳಿದ ಮೇಲೆ ಮೇಷ್ಟ್ರು ತಲೆಯೆತ್ತಿದರು. ಹೆಚ್ಚಲು ಏನೂ ಉಳಿದಿರಲಿಲ್ಲ. ಮೆಟ್ಟುಕತ್ತಿಗಳೆಲ್ಲ ಮಡಚಿಕೊಂಡು ಗೋಡೆಗೆ ಒರಗಿದ್ದವು. ಅವುಗಳ ಯಜಮಾನರು ಕಂಬಗಳಿಗೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದರು. ಬಾಗಿಲಲ್ಲಿ ದಾಕ್ಷಾಯಣಮ್ಮ ತಟ್ಟೆ ಹಿಡಿದು ನಿಂತಿದ್ದರು.

"ದಾಕ್ಷಾಯಣಿ, ಪಂಥ ಗೆದ್ದದ್ದು ನಾನಲ್ವಾ?" ಎಂದರು ಮೇಷ್ಟ್ರು, ಸೊಂಟ ಹಿಡಿದುಕೊಂಡು ಏಳಲು ನೋಡುತ್ತ.

"ನೀವೇ. ಯಾರು ಇಲ್ಲ ಅಂದ್ರು?"

ಮುಂದಿನ ವಾರ ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಶಿವಶಂಕರಪ್ಪ ಎಂಬ ನೆಂಟರು ಮಗನ ಮದುವೆಯ ಕರೆಯೋಲೆ ಹಿಡಿದು ಬಂದರು. ಪತ್ರಿಕೆಯನ್ನು ದಾಕ್ಷಾಯಣಮ್ಮನ ಕೈಗಿತ್ತು, ಮೇಷ್ಟ್ರ ಕಡೆ ತಿರುಗಿ ಭಕ್ತಿಯಿಂದ ಕೈಮುಗಿದರು.

"ನೀವು ಕತ್ತಿ ತರೋದು ಬೇಡ ಮೇಷ್ಟ್ರೇ, ವಿನಾಯಿತಿ ಗೆದ್ದೋರು. ಕಲ್ಲು ಮಾತ್ರ ಎರಡು ಉಂಡೆ ಜಾಸ್ತೀನೇ ತನ್ನಿ. ನಮ್ಮ ಕಡೆಯವರಿಗೆ ಅನುಮಾನ ಸ್ವಲ್ಪ ಹೆಚ್ಚು."