ಏಳು ಹೆಜ್ಜೆಯಲ್ಲಿ ಅನ್ನದ ಕೊಳಗ ಎತ್ತುವ ಕ್ರಮ

೧೯೮೩ನೇ ಇಸವಿ, ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದೂವರೆ. ಸ್ಥಳ: ಯಶವಂತಪುರದ ನಮ್ಮ ವೃದ್ಧಾಶ್ರಮದ ಅಡುಗೆಮನೆ. ಹಾಜರಿದ್ದವರು: ಮೇಲ್ವಿಚಾರಕನಾದ ನಾನು, ಮುಖ್ಯ ಅಡುಗೆಯ ಗೌರಮ್ಮ, ಅವರ ಜೊತೆಗಾತಿ ಶಮೀಮ್ ಮತ್ತು ಐವತ್ತು ಜನರ ಅನ್ನ ತುಂಬಿದ್ದ ಹಿತ್ತಾಳೆಯ ಕೊಳಗ.

ಕೊಳಗದ ಮೇಲೆ ದಾನಿಗಳ ಹೆಸರು ಕೆತ್ತಿತ್ತು. ಆದ್ದರಿಂದ ಅನ್ನ ಅದರಲ್ಲೇ ಬೇಯಬೇಕೆಂಬುದು ನನ್ನ ಕಟ್ಟಳೆ. ಅದನ್ನು ಒಲೆಯಿಂದ ಎತ್ತಿ ಕಟ್ಟೆಗೆ ಇಡುವಾಗ ಗೌರಮ್ಮನಿಗೆ ಎರಡು ಸಲ ಸೊಂಟ ಹಿಡಿದಿತ್ತು. ಮೂರನೇ ಸಲ ಹಿಡಿದರೆ ಕೆಲಸ ಬಿಟ್ಟು ತಮ್ಮೂರು ಮಾಕಳಿಯ ಮನೆಯಲ್ಲಿ ಕೂರುವುದೇ ಗತಿ, ಎರಡು ಸಣ್ಣ ಪಾತ್ರೆ ಕೊಡಿಸಿ ಎಂದು ಆಕೆ ಕೇಳಿಕೊಂಡಿದ್ದರು.

ನಾನು ಪಾತ್ರೆಯ ಬದಲು ಪಾಠ ಕೊಟ್ಟೆ. ತಪ್ಪು ಕೊಳಗದ್ದಲ್ಲ, ಬಾಗುವ ರೀತಿಯದು ಎಂದು ತೀರ್ಮಾನಿಸಿ, ಏಳು ಹೆಜ್ಜೆಗಳ ಕ್ರಮವನ್ನು ದುಂಡಗೆ ಬರೆದು ಗೋಡೆಗೆ ಅಂಟಿಸಿದೆ. ಇಬ್ಬರು ಎತ್ತುವುದನ್ನು ಒಬ್ಬನೇ ಎತ್ತಿ ತೋರಿಸುವೆನೆಂದೂ ಘೋಷಿಸಿದೆ!

ಕೈಗೆ ಗೋಣಿಬಟ್ಟೆ ಸುತ್ತಿದೆ. ಮಂಡಿ ಬಗ್ಗಿಸಿದೆ. ಬೆನ್ನು ನೆಟ್ಟಗಿಟ್ಟೆ. ಎತ್ತಿಯೇಬಿಟ್ಟೆ!

ತಿರುಗಿ ನೋಡಿದರೆ ಕಟ್ಟೆಯ ತುಂಬ ತಟ್ಟೆ. ಹನ್ನೊಂದೂವರೆಗೆ ಅಲ್ಲಿ ತಟ್ಟೆಗಳು ಸಾಲಾಗಿ ಇರಬೇಕೆಂದು ಆಜ್ಞೆ ಮಾಡಿದ್ದವನೂ ನಾನೇ. ಎತ್ತಿದ್ದನ್ನು ಇಳಿಸುವ ವಿಚಾರ ಏಳು ಹೆಜ್ಜೆಗಳಲ್ಲಿ ಎಲ್ಲೂ ಇರಲಿಲ್ಲ. ಸೊಂಟ ತಿರುಗಿಸಿ ನೆಲಕ್ಕೆ ಇಳಿಸಿದೆ. ಒಂದು ಅಗುಳೂ ಚೆಲ್ಲಲಿಲ್ಲ; ಇದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ. ನಾನು ಮಾತ್ರ ಮೇಲೇಳಲಿಲ್ಲ.

ಗೌರಮ್ಮ ಸ್ವಲ್ಪ ಹೊತ್ತು ಭಕ್ತಿಯಿಂದ ಕಾದರು.

"ಸಾರ್, ಇಂಗೇ ಬಗ್ಗಿರದು ಎಂಟ್ನೇ ಎಜ್ಜೆನಾ?"

"ಸೊಂಟ..." ಎಂದೆ.

ಗೌರಮ್ಮ ನನ್ನನ್ನು ಎತ್ತಲು ಬಂದರು. ಶಮೀಮ್ ತಡೆದಳು. "ನೀನು ಮುಟ್ಬೇಡ ಅಕ್ಕಾ, ನಿನ್ ಸೊಂಟ ಹೋದ್ರೆ ಅಡುಗೆ ಯಾರ್ ಮಾಡ್ತಾರೆ? ಸಾರ್ ಇಲ್ದಿದ್ರೆ ನಡೆಯುತ್ತೆ."

ನನ್ನನ್ನು ಗೋಣಿಚೀಲದ ಮೇಲೆ ಉರುಳಿಸಿ ಮೂಲೆಗೆ ಎಳೆದರು, ಥೇಟ್ ಅಕ್ಕಿಮೂಟೆಯ ಹಾಗೆ. ಆಮೇಲೆ ಕೊಳಗವನ್ನು ಇದ್ದಲ್ಲೇ ಬಿಟ್ಟು, ಅನ್ನವನ್ನು ಎರಡು ಬಕೆಟ್ಟಿಗೆ ತೋಡಿಕೊಂಡು, ಒಬ್ಬೊಬ್ಬರು ಒಂದೊಂದು ಹಿಡಿದು ಸಲೀಸಾಗಿ ನಡೆದರು. ಹನ್ನೆರಡಕ್ಕೆ ಸರಿಯಾಗಿ ಊಟ ಬಡಿಸಿಯಾಗಿತ್ತು. ನನ್ನ ಮೇಲ್ವಿಚಾರಣೆಯಲ್ಲಿ ಊಟ ಎಂದೂ ತಡವಾದದ್ದಿಲ್ಲ. ಆ ದಿನ ಮೇಲ್ವಿಚಾರಣೆ ಇಲ್ಲದೆಯೂ ತಡವಾಗಲಿಲ್ಲ!

ಸಂಜೆ ಐದಕ್ಕೆ ಬೋರಲು ಮಲಗಿಕೊಂಡೇ ಎರಡು ಸಣ್ಣ ಪಾತ್ರೆ ತರಿಸುವ ಆದೇಶ ಬರೆದು, ಸಹಿ ಹಾಕಿ, ಗೌರಮ್ಮನ ಕೈಗೆ ಕೊಟ್ಟೆ. ಆ ದಿನ ನನ್ನದು ಅಂತ ನೆಟ್ಟಗೆ ನಿಂತದ್ದು ಆ ಸಹಿಯೊಂದೇ.