ಒಂದು ಹಾಳೆಗೆ ಎರಡು ಮಿರ್ಚಿ

ರದ್ದಿ ಅಂಗಡಿಯ ಮುರ್ತುಜಾಸಾಬನ ಹತ್ತಿರ ಆ ಹಳೆಯ ಕತೆ ಪುಸ್ತಕ ಕೊಳ್ಳದೇ ಇದ್ದಿದ್ದರೆ ಅವತ್ತು ಕಲ್ಮೇಶನ ಹೊಟ್ಟೆಯೂ ಸಂಸಾರವೂ ತಣ್ಣಗಿರುತ್ತಿದ್ದವು. ಮುಂಬಯಿಯ ಚಾಳು, ಸಂಜೆಯ ಮಬ್ಬು, ಲೋಕಲ್ ರೈಲಿನ ಸದ್ದು, ಇಂಥವೇ ಹನ್ನೆರಡು ಕತೆ. ಸಿಂದಗಿ ಬಿಟ್ಟು ವಿಜಾಪುರ ಜಿಲ್ಲೆಯಾಚೆ ಎಂದೂ ಕಾಲಿಡದ ಕಲ್ಮೇಶ ಕಚೇರಿಯಲ್ಲಿ ಬುತ್ತಿ ಬಿಚ್ಚಿದ ಹೊತ್ತಿಗೆ ಮೊದಲನೆಯದನ್ನು ಗಟ್ಟಿಯಾಗಿ ಓದಿದ. ಹೆಡ್‌ಕ್ಲಾರ್ಕ್ ಯಾಕೂಬಸಾಬರು ರೊಟ್ಟಿ ಮುರಿಯುವುದನ್ನೇ ಮರೆತರು.

ಚಾಳಿನ ಮೂರನೇ ಮಹಡಿ. ಒಬ್ಬಂಟಿ ಹೆಂಗಸು. ಯಾರೋ ಬಾಗಿಲು ಬಡಿದರು. ಅವಳು ಚಿಲಕಕ್ಕೆ ಕೈಯಿಟ್ಟಳು. ಮುಂದಿನ ಹಾಳೆಯೇ ಇಲ್ಲ!

"ಬಾಗಲ್ದಾಗ ಯಾರಿದ್ರಲೇ?" ಯಾಕೂಬಸಾಬರು ಎದ್ದೇ ನಿಂತರು.

"ಹಾಳಿ ಕಿತ್ತ ಹೋಗೇತ್ರೀ ಸಾಹೇಬ್ರ. ಅದಿರ್ಲ್ರಿ, ನನ್ನ ರಜಾ ಅರ್ಜಿ..."

ಮರುದಿನ ತವರೂರು ಗೊಳಸಂಗಿಯಲ್ಲಿ ಅವನ ಚೊಚ್ಚಲ ಬಸುರಿ ಹೆಂಡತಿ ಸುನಂದಾಳ ಕುಬಸ, ಅಂದರೆ ಸೀಮಂತ. "ನನ್ನೊಬ್ಬಾಕಿನ್ನ ಕುಂಡ್ರಿಸಿ ಆರತಿ ಮಾಡಿದ್ರ ಜನ್ಮದಾಗ ನಿಮ್ಮ ಕೂಡ ಮಾತಾಡಂಗಿಲ್ಲ" ಎಂದು ಅವಳು ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದಳು.

"ಹಾಳಿ ತಂದ ಓದು, ಸಹಿ ಮಾಡ್ತೇನಿ. ಇಲ್ಲಂದ್ರ ಇವತ್ತ ನನಗ ನಿದ್ದಿ ಇಲ್ಲ, ನಾಳೆ ನಿನಗ ರಜಾ ಇಲ್ಲ!" ಎಂದರು ಯಾಕೂಬಸಾಬರು.

ಕಲ್ಮೇಶ ರದ್ದಿ ಅಂಗಡಿಗೆ ಓಡಿದ. "ಹೊಲಿಗಿ ಬಿಚ್ಚಿ ಬಿದ್ದ ಹಾಳಿ ಎಲ್ಲಾ ಭಜಿ ಶಂಕ್ರೆವ್ವ ತೂಕಕ್ಕ ಒಯ್ದಾಳ್ರೀ" ಅಂದ ಮುರ್ತುಜಾಸಾಬ.

ಬಸ್‌ಸ್ಟ್ಯಾಂಡಿನ ಗಾಡಿಯ ಮುಂದೆ ಶಂಕ್ರೆವ್ವ ಆಗಷ್ಟೇ ಎಣ್ಣೆ ಕಾಯಿಸಿದ್ದಳು. ಕಲ್ಮೇಶ ಹಾಳೆಯ ಗಂಟಿಗೆ ಕೈ ಹಾಕಿದ್ದೇ ತಡ, ಅವಳ ಕೈಯ ಝಾರಿ ಸೌಟು ಮೇಲೆದ್ದಿತು.

"ಬೋಣಿ ಹೊತ್ತಿನ್ಯಾಗ ಪುಕ್ಕಟೆ ಕೇಳ್ತಿಯೇನೋ? ಒಂದ ಹಾಳಿಗೆ ಎರಡ ಮಿರ್ಚಿ. ಇಲ್ಲೇ ತಿನ್ನಬೇಕು. ನಾ ಮಾಡಿದ್ದ ಒಗದೀ ಅಂದ್ರ ನೋಡ!"

ಮೊದಲ ಜೋಡಿ ಏಳನೇ ಇಯತ್ತೆಯ ಗಣಿತದ ಪೇಪರಿನಲ್ಲಿ ಬಂತು. ಎರಡನೆಯದು ಹೋದ ವರ್ಷದ ಪಂಚಾಂಗದಲ್ಲಿ. ಮೂರನೆಯದು ಗೊಬ್ಬರದ ಜಾಹೀರಾತಿನಲ್ಲಿ. ಕಲ್ಮೇಶನ ಕಣ್ಣು, ಮೂಗು ಎಲ್ಲ ಹರಿಯತೊಡಗಿದವು.

ಪಕ್ಕದ ಚಹಾದ ಬಂದೇನವಾಜ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ: "ಬರ್ರೆಪ! ಹೇಣ್ತಿ ಬಸರಾಗ್ಯಾಳ, ಬಯಕಿ ಗಂಡಗ ಹತ್ತೇತಿ!"

ಜನ ಮುತ್ತಿದರು. ಒಬ್ಬರು ಮರುಕದಿಂದ ಹುಣಸೆಹಣ್ಣೂ ತಂದುಕೊಟ್ಟರು.

ಹದಿನಾಲ್ಕನೇ ಮಿರ್ಚಿಯ ಕೆಳಗೆ ಆ ಹಾಳೆ ಸಿಕ್ಕಿತು. ಕಲ್ಮೇಶ ಕಣ್ಣೊರೆಸಿಕೊಂಡು ಓದಿದ: "ಅವಳು ಚಿಲಕ ತೆಗೆಯಲಿಲ್ಲ. ಬೀದಿಯ ದೀಪಗಳು ಹತ್ತಿದವು. ದೂರದಲ್ಲಿ ರೈಲು ಕೂಗಿತು."

ಅಷ್ಟೇ. ಬಾಗಿಲಲ್ಲಿ ಯಾರಿದ್ದರೆಂದು ಹೇಳದೆಯೇ ಕತೆ ಮುಗಿದಿತ್ತು. ಇದನ್ನು ಓದಿದರೆ ಸಾಹೇಬರು ಅರ್ಜಿ ಹರಿದು ಕೈಗೆ ಕೊಡುವುದು ಖಾತ್ರಿ. ಪಾಪ, ಅವನಿಗೆ ನಿಜವಾಗಿಯೂ ಅಳು ಬಂತು.

ಕಚೇರಿ ಮುಚ್ಚುವ ಹೊತ್ತಾದರೂ ಯಾಕೂಬಸಾಬರು ಕಾದು ಕುಳಿತಿದ್ದರು. ಕಲ್ಮೇಶ ಎಣ್ಣೆ ಕುಡಿದ ಹಾಳೆಯನ್ನು ಮುಖಕ್ಕೆ ಹಿಡಿದು ಧೈರ್ಯ ಮಾಡಿದ. "ಅವಳು ಚಿಲಕ ತೆಗೆದಳು. ಬಾಗಿಲಲ್ಲಿ ಗಂಡ ನಿಂತಿದ್ದ! ದೊಡ್ಡ ಮನಸ್ಸಿನ ಸಾಹೇಬರು ಕುಬಸಕ್ಕೆಂದು ಅವನಿಗೆ ರಜೆ ಕೊಟ್ಟು ಕಳಿಸಿದ್ದರು..."

"ಎಂಥಾ ಸಾಹೇಬಲೇ ಅಂವ! ಎಂಥಾ ಕತಿ!" ಎನ್ನುತ್ತ ಯಾಕೂಬಸಾಬರು ಅರ್ಜಿ ಎಳೆದುಕೊಂಡು ಪೆನ್ನು ತೆಗೆದರು. "ಇಂಥಾವು ಇನ್ನ ಎಷ್ಟ ಅದಾವ?"

"ಹನ್ನೊಂದ್ರಿ!" ಕಲ್ಮೇಶ ಹಿಗ್ಗಿನಿಂದ ಹೇಳಿದ.

ಅವರು ಸಹಿ ಮಾಡದೇ ಪೆನ್ನಿನ ಟೋಪಿ ಹಾಕಿದರು. "ಹನ್ನೊಂದ? ಹಂಗಂದ್ರ ನಾಳೆ ನೀ ಎಲ್ಲಿಗೂ ಹೋಗೂ ಹಂಗಿಲ್ಲ. ಹತ್ತಕ್ಕ ಬಂದ ಓದಾಕ ಚಾಲೂ ಮಾಡು."

"ಸಾಹೇಬ್ರ, ಆ ಕತ್ಯಾಗಿನ ಸಾಹೇಬ್ರು ರಜಾ ಕೊಟ್ಟಾರಲ್ರೀ!"

"ಕೊಡ್ತಾನ ಬಿಡೋ. ಅವಗ ಕತಿ ಓದಿ ಹೇಳಾವ್ರ ಯಾರೂ ಇರಲಿಲ್ಲ."